ಪರದೆ ಕಿಟಕಿ ಹೊರಗಿರ್ಲಿ

ದಾವಣಗೆರೆಲಿ ಶಿವರಾತ್ರಿ ಮುಗೀತು ಅಂದ್ರೆ ಎರಡು ಥರದ ಅಂಗಡಿಗೆ ಜನ ಜಾಸ್ತಿ ಆಗ್ತಾರೆ, ಒಂದು ಕೂಲರ್ ಏಸಿ ಮಾರೋರು, ಇನ್ನೊಂದು ಪರದೆ ಹೊಲಿದು ಕೊಡೋರು. ಪರದೆ ಅಂಗಡಿಲಿ ಎಲ್ರದ್ದೂ ಒಂದೇ ಮಾತು, "ದಪ್ಪಂದು ಕೊಡ್ರಿ, ಬಿಸಿಲು ಒಳಗೆ ಬರಬಾರ್ದು". ಅವರು ಬ್ಲ್ಯಾಕೌಟ್ ಬಟ್ಟೆ ತೋರಿಸ್ತಾರೆ, ನಾವು ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು ಹಾಕ್ತೀವಿ, ರೂಮು ಕತ್ತಲೆಯೇನೋ ಆಗುತ್ತೆ, ಸೆಖೆ ಮಾತ್ರ ಇದ್ದಂಗೇ ಇರುತ್ತೆ. ಬಟ್ಟೆದು ತಪ್ಪಿಲ್ಲ ರೀ, ಅದನ್ನ ನೇತುಹಾಕಿರೋ ಜಾಗ ತಪ್ಪು.

ಯಾಕೆ ಅಂತ ನೋಡೋಣ. ಬಿಸಿಲಿನ ಶಕ್ತಿಲಿ ಕಣ್ಣಿಗೆ ಕಾಣೋ ಬೆಳಕು ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಇನ್ನರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಉಳಿದ 5 ಪರ್ಸೆಂಟ್ ಆಸುಪಾಸು ಯುವಿ, ಅಂದ್ರೆ ಅತಿನೇರಳೆ ಕಿರಣ. ನಮ್ಮ ಮನೆಗಳಲ್ಲಿ ಹಾಕೋ ಸಾದಾ ತೆಳು ಗಾಜು ಇದರಲ್ಲಿ 80 ಪರ್ಸೆಂಟಿಗಿಂತ ಜಾಸ್ತಿ ಒಳಗೆ ಬಿಡುತ್ತೆ. ಒಳಗೆ ಬಂದ ಬಿಸಿಲು ಪರದೆ ಮೇಲೆ ಬಿದ್ದು ಪರದೆನ ಕಾಯಿಸುತ್ತೆ, ಕಾದ ಪರದೆ ತಾನೇ ಶಾಖ ಸೂಸೋಕೆ ಶುರು ಮಾಡುತ್ತೆ, ಆದ್ರೆ ಆ ಶಾಖದ ತರಂಗ ಬಿಸಿಲಿನದ್ದಕ್ಕಿಂತ ತುಂಬಾ ಉದ್ದ, ಗಾಜು ಅದನ್ನ ಹಂಗೇ ಹೊರಗೆ ದಾಟೋಕೆ ಬಿಡಲ್ಲ. ಜೊತೆಗೆ ಪರದೆಗೂ ಗಾಜಿಗೂ ನಡುವೆ ಇರೋ ಗಾಳಿ ಕಾದು ಮೇಲೆದ್ದು ಪರದೆ ರಾಡಿನ ಹತ್ರ ರೂಮಿಗೆ ಬರುತ್ತೆ, ಸಂಜೆ ನಾಲ್ಕಕ್ಕೆ ಸ್ಟೂಲ್ ಹತ್ತಿ ಅಲ್ಲಿ ಕೈ ಇಟ್ಟು ನೋಡಿ ಗೊತ್ತಾಗುತ್ತೆ. ಪರದೆ ಹಿಂಭಾಗ ಬೆಳ್ಳಗಿದ್ರೆ ಸ್ವಲ್ಪ ಬೆಳಕು ಬೆಳಕಾಗೇ ಗಾಜು ದಾಟಿ ವಾಪಸ್ ಹೋಗುತ್ತೆ, ಅಷ್ಟು ಲಾಭ ಇದೆ. ಕಡು ಮೆರೂನ್ ಬಣ್ಣದ್ದಾದ್ರೆ ಅದೂ ಇಲ್ಲ.

ಅದೇ ಬಟ್ಟೆ, ಅಥವಾ ಬಿದಿರು ಕಡ್ಡಿ ಪರದೆ, ಅಥವಾ ಒಂದು ತುಂಡು ಶೇಡ್ ನೆಟ್ಟು ಗಾಜಿನ ಹೊರಗೆ ಇದ್ರೆ ಕಾಯೋದು ಕಾಯುತ್ತೆ, ಆದ್ರೆ ಆ ಶಾಖ ಬಹುಪಾಲು ರಸ್ತೆ ಗಾಳಿಗೆ ಹೋಗುತ್ತೆ. ಕಿಟಕಿ ಹೊರಗೆ ಕಟ್ಟೋ ಬಟ್ಟೆ ಛಾವಣಿಗಳ ಬಗ್ಗೆ ಅಮೆರಿಕದ ಇಂಧನ ಇಲಾಖೆ ಕೊಡೋ ಲೆಕ್ಕದಲ್ಲಿ ದಕ್ಷಿಣದ ಕಿಟಕಿಲಿ ಒಳಬರೋ ಬಿಸಿಲ ಶಾಖ 65 ಪರ್ಸೆಂಟ್‌ವರೆಗೆ, ಪಶ್ಚಿಮದ್ದರಲ್ಲಿ 77 ಪರ್ಸೆಂಟ್‌ವರೆಗೆ ಇಳಿಯುತ್ತೆ. ಒಳಗಿನ ಪರದೆ ಎಷ್ಟೇ ದುಬಾರಿದಾದ್ರೂ ಇದರ ಹತ್ರ ಬರೋದು ಕಷ್ಟ.

ಈಗ ಯಾವ ಕಿಟಕಿ ಅನ್ನೋ ಪ್ರಶ್ನೆ. ಯೂಟ್ಯೂಬಲ್ಲಿ ಅಮೆರಿಕದೋರು ದಕ್ಷಿಣದ ಕಿಟಕಿ ನೋಡ್ಕೊಳ್ಳಿ ಅಂತಾರೆ, ಆಸ್ಟ್ರೇಲಿಯಾದೋರು ಉತ್ತರದ್ದು ಅಂತಾರೆ, ಎರಡೂ ಅವರವರ ಊರಿಗೆ ಸರಿ. ದಾವಣಗೆರೆ, ಚಿತ್ರದುರ್ಗ ಎರಡೂ ಇರೋದು 14 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ಸ್ವಲ್ಪ ಮೇಲೆ. ಏಪ್ರಿಲ್ ಕೊನೇ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹತ್ರ ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ, ಶೂನ್ಯ ನೆರಳಿನ ದಿನ ಅಂತಾರಲ್ಲ ಅದೇ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೇ ಇರ್ತಾನೆ. ಅಂದ್ರೆ ಬೇಸಿಗೆಲಿ ದಕ್ಷಿಣದ ಕಿಟಕಿ ಪಾಪ ಹೆಚ್ಚೇನೂ ಮಾಡಲ್ಲ, ಅದಕ್ಕೆ ದುಡ್ಡು ಹಾಕೋದು ದಂಡ. ನಮ್ಮ ಕಡೆ ಮನೆನ ಹೆಚ್ಚಾಗಿ ಕಾಯಿಸೋದು ಎರಡೇ, ತಾರಸಿ ಮತ್ತೆ ಪಶ್ಚಿಮ.

ಪಶ್ಚಿಮದ ಕಿಟಕಿಗೆ ಸಜ್ಜಾ ಇದೆಯಲ್ಲ ಅಂತ ನೀವು ಕೇಳ್ಬಹುದು. ಲೆಕ್ಕ ಹಾಕಿ ನೋಡಿ. ನಾಲ್ಕಡಿ ಎತ್ತರದ ಕಿಟಕಿ, ಒಂದೂವರೆ ಅಡಿ ಸಜ್ಜಾ, ಏಪ್ರಿಲ್ ಕೊನೆ. ಮಧ್ಯಾಹ್ನ ಎರಡು ಗಂಟೆಗೆ ಸೂರ್ಯ ಇನ್ನೂ 67 ಡಿಗ್ರಿ ಎತ್ತರದಲ್ಲಿ ಇರೋದ್ರಿಂದ ಸಜ್ಜಾ ನೆರಳು ಮೂರೂವರೆ ಅಡಿ ಕೆಳಗೆ ಬರುತ್ತೆ, ಕಿಟಕಿ ಹೆಚ್ಚುಕಮ್ಮಿ ಪೂರ್ತಿ ಸೇಫು. ನಾಲ್ಕು ಗಂಟೆಗೆ ಸೂರ್ಯ 38 ಡಿಗ್ರಿಗೆ ಇಳಿದಿರ್ತಾನೆ, ನೆರಳು ಒಂದಡಿ ಮೇಲೆ ಸ್ವಲ್ಪ ಅಷ್ಟೇ. ಐದು ಗಂಟೆಗೆ ಬರೀ ಎಂಟು ಇಂಚು. ಹೊರಗೆ ಗಾಳಿ ಅತಿ ಬಿಸಿ ಇರೋದೇ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಹೊತ್ತು, ಸಜ್ಜಾ ಕೈಕೊಡೋದೂ ಅದೇ ಹೊತ್ತಿಗೆ. ಸಜ್ಜಾ ಮಳೆಗೆ ಸರಿ, ಪಶ್ಚಿಮದ ಬಿಸಿಲಿಗಲ್ಲ, ಅಲ್ಲಿ ಬೇಕಾಗಿರೋದು ಮೇಲಿಂದ ಕೆಳಗೆ ಇಳಿಬಿಡೋ ಅಡ್ಡ. (ಸೈಟ್ ತಗೊಳ್ವಾಗ ವಾಸ್ತು ಪ್ರಕಾರ ಬಾಗಿಲು ಯಾವ ಕಡೆ ಅಂತ ಹತ್ತು ಸಲ ಕೇಳ್ತೀವಿ, ಏಪ್ರಿಲ್ ನಾಲ್ಕು ಗಂಟೆ ಬಿಸಿಲು ಯಾವ ರೂಮಿಗೆ ನುಗ್ಗುತ್ತೆ ಅಂತ ಇಂಜಿನಿಯರ್‌ನ ಕೇಳಿದೋರನ್ನ ನಾನಂತೂ ನೋಡಿಲ್ಲ.)

ನುಗ್ಗೋದು ಎಷ್ಟು ಅಂದ್ರೆ, ನಾಲ್ಕಕ್ಕೆ ನಾಲ್ಕಡಿ ಕಿಟಕಿ ಅಂದ್ರೆ ಸುಮಾರು ಒಂದೂವರೆ ಚದರ ಮೀಟರ್, ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆ ಮೇಲೆ ಚದರ ಮೀಟರಿಗೆ 700 ವ್ಯಾಟ್ ಹತ್ರ ಬಿಸಿಲು ಬೀಳುತ್ತೆ, ಗಾಜು ದಾಟಿ ಒಳಗೆ ಬರೋದು 900 ವ್ಯಾಟ್ ಆಸುಪಾಸು. ಸ್ನಾನದ ನೀರು ಕಾಯಿಸೋಕೆ ಬಕೆಟ್ಟಿಗೆ ಬಿಡ್ತೀವಲ್ಲ ಸಾವಿರ ವ್ಯಾಟಿನ ಕಾಯಿಲ್ಲು, ಅದನ್ನ ಬೆಡ್‌ರೂಮಲ್ಲಿ ಆನ್ ಮಾಡಿಟ್ಟು ಪಕ್ಕದಲ್ಲೇ ಏಸಿ ಓಡಿಸಿದಂಗೆ. ಏಸಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಹೊರಗೆ ಹಾಕುತ್ತೆ ಅಂತ ಇಟ್ಕೊಂಡ್ರೆ, ಮಧ್ಯಾಹ್ನದಿಂದ ಸಂಜೆವರೆಗೆ ಏಸಿ ಹಾಕೋ ಮನೇಲಿ ಇಂಥ ಒಂದು ಕಿಟಕಿಗೆ ಹೊರಗಿಂದ ನೆರಳು ಕೊಟ್ರೆ ತಿಂಗಳಿಗೆ 20ರಿಂದ 25 ಯೂನಿಟ್ ಉಳಿಯಬೇಕು, ಇದು ನಾನು ಕೂತು ಹಾಕಿದ ಅಂದಾಜು, ನಿಮ್ಮ ಕಿಟಕಿ ಅಳತೆ ಹಾಕಿ ನೀವೂ ನೋಡಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ಗೃಹಜ್ಯೋತಿಲಿ 200 ಯೂನಿಟ್ ದಾಟಿದ್ರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ. ಬೆಸ್ಕಾಂ ಬಿಲ್ಲಲ್ಲಿ ಫೆಬ್ರವರಿವರೆಗೆ ಸೊನ್ನೆ ಇದ್ದ ಮನೆ ಏಪ್ರಿಲಲ್ಲಿ 215 ಯೂನಿಟ್ ಬಂತು ಅಂದ್ರೆ ಆ ಕೊನೇ 15 ಯೂನಿಟ್ಟೇ ಎಲ್ಲಾ ಹಾಳು ಮಾಡಿದ್ದು. ಅಂಥ ಮನೆಗೆ ಪಶ್ಚಿಮದ ಒಂದು ಬಿದಿರು ಪರದೆ ಏನು ಬೆಲೆ ಬಾಳುತ್ತೆ ಅಂತ ನೀವೇ ಗುಣಿಸ್ಕೊಳ್ಳಿ.

ಏಸಿ ಇಲ್ಲದ ಮನೆಗೂ ಇದು ಅನ್ವಯಿಸುತ್ತೆ. ಸೆಖೆ ಅಂದ್ರೆ ಬರೀ ಗಾಳಿ ಬಿಸಿ ಅಲ್ಲ, ಸುತ್ತಲಿನ ಗೋಡೆ, ಗಾಜು, ಸೂರು ನಮ್ಮ ಮೈಗೆ ಸೂಸೋ ಶಾಖಾನೂ ಸೇರಿದ್ದು. ಕಾದ ಗಾಜಿನ ಪಕ್ಕ ಕೂತೋನು ಏಸಿನ 20ಕ್ಕೆ ಇಳಿಸ್ತಾನೆ, ನೆರಳಿರೋ ರೂಮಲ್ಲಿ ಫ್ಯಾನ್ ಜೊತೆ 26 ಇದ್ರೂ ಹಾಯಾಗಿರುತ್ತೆ. ಒಂದೊಂದು ಡಿಗ್ರಿ ಮೇಲೆ ಇಟ್ರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತೆ ಅಂತ ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿ ಹೇಳ್ತಾ ಬಂದಿದೆ.

ಒಳ್ಳೆ ನೆರಳು ಹೆಂಗಿರಬೇಕು ಅಂತ ನೋಡೋಕೆ ಹವಾಮಾನ ಇಲಾಖೆಯ ಬಿಳಿ ಪೆಟ್ಟಿಗೆನ ನೋಡ್ಬೇಕು. ಟೀವಿಲಿ "ಇವತ್ತು 38 ಡಿಗ್ರಿ" ಅಂತಾರಲ್ಲ, ಅದು ಬಿಸಿಲಲ್ಲಿ ಅಳೆದಿದ್ದಲ್ಲ, ನೆರಳಲ್ಲಿ, ಸ್ಟೀವನ್ಸನ್ ಸ್ಕ್ರೀನ್ ಅನ್ನೋ ಮರದ ಪೆಟ್ಟಿಗೆ ಒಳಗೆ. ಆ ಪೆಟ್ಟಿಗೆಗೆ ಬಿಳಿ ಬಣ್ಣ, ನಾಲ್ಕೂ ಕಡೆ ಓರೆಯಾಗಿ ಜೋಡಿಸಿದ ಪಟ್ಟಿಗಳು, ಬಿಸಿಲು ನೇರ ಒಳಗೆ ಬರಲ್ಲ ಆದ್ರೆ ಗಾಳಿ ಆಡುತ್ತೆ, ಸೂರು ಎರಡು ಪದರದ್ದು, ನಡುವೆ ಗಾಳಿಗೆ ಜಾಗ, ಪೆಟ್ಟಿಗೆ ನೆಲಕ್ಕೆ ತಾಗದಂಗೆ ಕಾಲಿನ ಮೇಲೆ ನಿಂತಿರುತ್ತೆ. ಬಿಳುಪು, ಗಾಳಿ, ಡಬಲ್ ಸೂರು, ಈ ಮೂರೇ. ಮಾರ್ಕೆಟಲ್ಲಿ ಸಿಗೋ ಯಾವುದೇ ನೆರಳಿನ ಸಾಮಾನನ್ನ ಇದರ ಪಕ್ಕ ಇಟ್ಟು ನೋಡಿದ್ರೆ ಸೇಲ್ಸ್‌ಮನ್ ಮಾತು ಎಷ್ಟು ನಿಜ ಅಂತ ತಿಳಿಯುತ್ತೆ.

ತಾರಸಿ ಮೇಲೆ ತಗಡಿನ ಶೀಟ್ ಹಾಕೋದು ನಮ್ಮೂರಲ್ಲಿ ಈಗ ಮಾಮೂಲು, ನಿಟುವಳ್ಳಿ ಕಡೆ ಹೋಗಿ, ವಿದ್ಯಾನಗರಕ್ಕೆ ಹೋಗಿ, ಎಲ್ಲಾ ಕಡೆ ಕಾಣುತ್ತೆ. ಒಳ್ಳೇದೇ, ಅದು ಡಬಲ್ ಸೂರೇ. ಹತ್ತಕ್ಕೆ ಹನ್ನೆರಡು ಅಡಿ ರೂಮಿನ ತಾರಸಿ ಅಂದ್ರೆ 11 ಚದರ ಮೀಟರ್, ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬೀಳೋದು ಹತ್ತು ಹನ್ನೊಂದು ಸಾವಿರ ವ್ಯಾಟು, ಬರಿ ಕಾಂಕ್ರೀಟು 60 ಡಿಗ್ರಿ ಹತ್ರ ಕಾಯುತ್ತೆ, ಆ ಕಾವು ನಿಧಾನಕ್ಕೆ ಕೆಳಗಿಳಿದು ನಾವು ಊಟ ಮಾಡಿ ಮಲಗೋ ಹೊತ್ತಿಗೆ ಸೀಲಿಂಗ್ ಮೂಲಕ ಮೈ ಮೇಲೆ ಬರುತ್ತೆ. ಶೀಟ್ ಇದ್ರೆ ಕಾಯೋದು ಶೀಟು. ಆದ್ರೆ ಸುತ್ತ ಗೋಡೆ ಎಬ್ಬಿಸಿ ಪೂರ್ತಿ ಮುಚ್ಚಿಬಿಟ್ರೆ ಕಾದ ಗಾಳಿಗೆ ದಾರಿ ಇಲ್ಲ, ಶೀಟಿನ ಶಾಖ ಕೆಳಗಿನ ಸ್ಲ್ಯಾಬಿಗೇ. ಎರಡು ಕಡೆನಾದ್ರೂ ಓಪನ್ ಇರ್ಲಿ. ಇನ್ನೊಂದು, ರಾತ್ರಿ ಬಯಲುಸೀಮೆ ಆಕಾಶ ತಿಳಿಯಾಗಿರುತ್ತೆ, ತೆರೆದ ತಾರಸಿ ತನ್ನ ಶಾಖನ ಆಕಾಶಕ್ಕೆ ಸೂಸಿ ತಣ್ಣಗಾಗುತ್ತೆ, ಚಳ್ಳಕೆರೆ ಮೊಳಕಾಲ್ಮೂರು ಕಡೆ ಮಣ್ಣಿನ ಮಾಳಿಗೆ ಮೇಲೆ ಮಲಗಿದೋರಿಗೆ ಇದು ಗೊತ್ತು. ಶೀಟು ಈ ದಾರಿನ ಮುಚ್ಚುತ್ತೆ, ಶೇಡ್ ನೆಟ್ಟು ಪೂರ್ತಿ ಮುಚ್ಚಲ್ಲ. ಹಂಗಾಗಿ ಬರೀ ಸೆಖೆ ಲೆಕ್ಕಕ್ಕೆ ಅಂದ್ರೆ ನಾನು ನೆಟ್ಟಿಗೇ ಓಟು ಹಾಕ್ತೀನಿ, ಮಳೆ ಸೋರಿಕೆಗೂ ಸೇರಿ ಬೇಕು ಅಂದ್ರೆ ಶೀಟು. ದುಡ್ಡೇ ಇಲ್ಲ ಅಂದ್ರೆ ಸುಣ್ಣ ಬಳಿಯೋದು ಇದ್ದೇ ಇದೆ, ಹೊಸದಾಗಿ ಬಳಿದ ಬಿಳಿ ಬಿದ್ದ ಬಿಸಿಲಲ್ಲಿ ಬಹುಪಾಲು ವಾಪಸ್ ಕಳಿಸುತ್ತೆ, ನಮ್ಮೂರ ಧೂಳಿಗೆ ಅದು ಬೇಗ ಮಂಕಾಗುತ್ತೆ, ಪ್ರತಿ ವರ್ಷ ಯುಗಾದಿಗೆ ಬಳೀಬೇಕು. ಸೋಲಾರ್ ಪ್ಯಾನೆಲ್ ಹಾಕ್ಸಿದೋರಿಗೆ ನೆರಳು ಪುಕ್ಕಟೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನೋರು ಅಳೆದು 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪ್ಯಾನೆಲ್ ಕೆಳಗಿನ ಸೂರಿಗೆ ಇಳಿಯೋ ಶಾಖ 38 ಪರ್ಸೆಂಟ್ ಕಮ್ಮಿ ಇತ್ತು.

ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟಿನ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಪೋರ್ಟಿಕೋಗೆ, ಸೈಡ್ ಪ್ಯಾಸೇಜಿಗೆ ಎಲ್ರೂ ಅದನ್ನೇ ಹಾಕ್ತಿದಾರೆ. "ಯುವಿ ಪ್ರೂಫ್ ಸಾರ್" ಅಂತಾರೆ, ಸುಳ್ಳಲ್ಲ, ಪಾಲಿಕಾರ್ಬೊನೇಟ್ ಯುವಿನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಆದ್ರೆ ಯುವಿ ಅನ್ನೋದು ಬಿಸಿಲಿನ 5 ಪರ್ಸೆಂಟು ಮಾತ್ರ, ಉಳಿದಿದ್ದು ಆರಾಮಾಗಿ ಇಳಿಯುತ್ತೆ. ಚರ್ಮ ಉಳಿಸೋ ನೆರಳು ಬೇರೆ, ಸೆಖೆ ತಗ್ಗಿಸೋ ನೆರಳು ಬೇರೆ.

ಚರ್ಮದ ಕಡೆ ಲೆಕ್ಕ ಉಲ್ಟಾನೂ ಆಗುತ್ತೆ. ಕಿಟಕಿ ಗಾಜು ಚರ್ಮ ಸುಡೋ ಯುವಿ-ಬಿ ಕಿರಣನ ಬಹುತೇಕ ತಡೆದು ಯುವಿ-ಎನ ಒಳಗೆ ಬಿಡುತ್ತೆ, ಹಂಗಾಗಿ ಕಾರು ಓಡಿಸೋರ ಬಲಗೈ ಎಡಗೈಗಿಂತ ಕಪ್ಪಾಗಿರುತ್ತೆ. ಗಾಂಧಿ ಸರ್ಕಲ್ ಹತ್ರ ದೊಡ್ಡ ಛತ್ರಿ ಕೆಳಗೆ ಕೂತು ಹಣ್ಣು ಮಾರೋ ಅಮ್ಮಂಗೆ ನೇರ ಬಿಸಿಲು ಇಲ್ಲ, ಸೆಖೆ ಕಮ್ಮಿ, ಆದ್ರೆ ಯುವಿ-ಬಿ ಅರ್ಧದಷ್ಟು ಬರೋದು ಸೂರ್ಯನಿಂದ ನೇರವಾಗಲ್ಲ, ಗಾಳಿಲಿ ಚದುರಿ ಇಡೀ ಆಕಾಶದಿಂದ ಬರುತ್ತೆ. ಅದಕ್ಕೇ ಛತ್ರಿ ಕೆಳಗೂ ಮುಖ ಕಪ್ಪಾಗೋದು. ನೀವು ಕೂತಲ್ಲಿಂದ ಆಕಾಶ ಎಷ್ಟು ಕಮ್ಮಿ ಕಾಣುತ್ತೋ ನೆರಳು ಅಷ್ಟು ಗಟ್ಟಿ, ಬೇವಿನ ಮರದ ಕೆಳಗೆ, ಗೋಡೆ ಪಕ್ಕದಲ್ಲಿ ಕೂರೋದು ಬಯಲಲ್ಲಿ ಛತ್ರಿ ಹಿಡಿಯೋದಕ್ಕಿಂತ ಮೇಲು. ಬಟ್ಟೆಗೆ ಯುಪಿಎಫ್ ಅಂತ ನಂಬರ್ ಇರುತ್ತೆ, 50 ಅಂದ್ರೆ ಐವತ್ತರಲ್ಲಿ ಒಂದು ಭಾಗ ಮಾತ್ರ ಒಳಗೆ ಬರುತ್ತೆ ಅಂತ. ತೆಳು ಬಿಳಿ ಕಾಟನ್ ಅಂಗಿಗೆ ಅಷ್ಟು ದಮ್ಮಿಲ್ಲ, ಬೆವರಲ್ಲಿ ನೆಂದ್ರೆ ಇನ್ನೂ ಇಳಿಯುತ್ತೆ, ಒತ್ತಾಗಿ ನೇಯ್ದ ಕಡು ಬಣ್ಣದ್ದು ಯುವಿಗೆ ವಾಸಿ. ನಮ್ಮ ಚರ್ಮ ಕಪ್ಪು, ನಮಗೇನೂ ಆಗಲ್ಲ ಅನ್ನೋದು ಚರ್ಮಕ್ಕೆ ಸ್ವಲ್ಪ ಮಟ್ಟಿಗೆ ನಿಜ, ಕಣ್ಣಿಗೆ ಅಲ್ಲ, ಪೊರೆ ಬರೋಕೆ ಯುವಿನೂ ಒಂದು ಕಾರಣ.

ಹಾಕೋದು ಹೆಂಗೆ? ನಮ್ಮ ಕಿಟಕಿ ಬಾಗಿಲು ಹೊರಗೆ ತೆರೀತವೆ, ಒಳಗೆ ಗ್ರಿಲ್, ಹಂಗಾಗಿ ಪರದೆನ ಗೋಡೆಗೆ ಅಂಟಿಸೋಕಾಗಲ್ಲ. ಸಜ್ಜಾದ ಹೊರ ಅಂಚಿಗೆ ಕೆಳಗಡೆಯಿಂದ ಎರಡು ಹುಕ್ಕು ಹೊಡೆಸಿ ಅಲ್ಲಿಂದ ಬಿದಿರು ಪರದೆ ಇಳಿಬಿಡಬೇಕು, ಆಗ ಗಾಜಿಗೂ ಪರದೆಗೂ ನಡುವೆ ಒಂದೂವರೆ ಅಡಿ ಸಂದು ಸಿಗುತ್ತೆ, ಕಾದ ಗಾಳಿ ಎರಡೂ ಪಕ್ಕದಿಂದ ಹೊರಗೆ ಹೋಗುತ್ತೆ. ಕೆಳ ತುದಿಗೆ ಹಗ್ಗ ಕಟ್ಟಿ ಬಿಗಿದಿಡಿ, ಇಲ್ಲಾಂದ್ರೆ ರಾತ್ರಿಯೆಲ್ಲಾ ಪಟಪಟ ಹೊಡ್ಕೊಂಡು ಪಕ್ಕದ ಮನೆಯೋರು ಬೈತಾರೆ. ಬಿದಿರು ಬೇಡ ಅಂದ್ರೆ ಪಶ್ಚಿಮದ ಕಡೆ ತೊಂಡೆ ಬಳ್ಳಿ ಹಬ್ಬಿಸಿ, ಕಾಯಿನೂ ಸಿಗುತ್ತೆ.

ಶೇಡ್ ನೆಟ್ಟು ಅಡಿಕೆ ತೋಟದ ಸಾಮಾನು ಮಾರೋ ಅಂಗಡಿಲೇ ತಗೊಳ್ಳಿ, ಚನ್ನಗಿರಿ ಕಡೆ ಅಡಿಕೆ ಸಸಿ ಮಾಡೋರು ಹಾಕೋದೂ ಅದನ್ನೇ. 50, 75, 90 ಅಂತ ಬರುತ್ತೆ, ಅದು ಬೆಳಕು ಎಷ್ಟು ಪರ್ಸೆಂಟ್ ತಡೆಯುತ್ತೆ ಅನ್ನೋ ಲೆಕ್ಕ. ಸಸಿಗೆ 50 ಸಾಕು, ತಾರಸಿಗೆ 75 ಅಥವಾ 90 ಬೇಕು. ಟಾರ್ಪಾಲ್ ಮಾತ್ರ ಕಟ್ಟಬೇಡಿ, ಚಿತ್ರದುರ್ಗದೋರಂತೂ ಕಟ್ಟಲೇಬೇಡಿ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಟಾರ್ಪಾಲಿಗೆ ತೂತಿಲ್ಲ, ಗಾಳಿ ಹಿಡ್ಕೊಂಡು ಪೈಪ್ ಸಮೇತ ಏಳುತ್ತೆ, ನೆಟ್ಟಲ್ಲಿ ಗಾಳಿ ಹಾದು ಹೋಗುತ್ತೆ. ನೆಟ್ಟು ತಗೊಳ್ವಾಗ ಯುವಿ ಸ್ಟೆಬಿಲೈಸ್ಡ್, ಅಂದ್ರೆ ಬಿಸಿಲಿಗೆ ಬೇಗ ಹಾಳಾಗದಂಥದ್ದು, ಹೌದಾ ಅಂತ ಕೇಳಿ, ಕಟ್ಟೋ ಹಗ್ಗಕ್ಕೂ ಅದೇ ಪ್ರಶ್ನೆ ಕೇಳಿ. ಎಷ್ಟೋ ತಾರಸಿಲಿ ನೆಟ್ಟು ಚೆನ್ನಾಗೇ ಇರುತ್ತೆ, ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗಿ ಉದುರಿರುತ್ತೆ. ಆಷಾಢದ ಗಾಳಿ ಶುರುವಾಗೋಕೆ ಮುಂಚೆ ಬಿಚ್ಚಿ, ಧೂಳು ತೊಳೆದು, ಒಣಗಿಸಿ ಸುತ್ತಿಡಿ, ಮುಂದಿನ ಫೆಬ್ರವರಿಗೆ ಅದೇ ನೆಟ್ಟು ಸಾಕು.