ಕೊಲ್ಹಾಪುರದ ಗಾಂಧಿನಗರಕ್ಕೂ ಇಂಗ್ಲೆಂಡಿನ ಪೋಲಿಷ್ ಅಜ್ಜೀರಿಗೂ ಏನು ನಂಟು?

ಬೆಳಗಾವಿ, ನಿಪ್ಪಾಣಿ ಕಡೆಯೋರಿಗೆ ಕೊಲ್ಹಾಪುರದ ಗಾಂಧಿನಗರ ಅಂದ್ರೆ ಹೋಲ್‌ಸೇಲ್ ಬಟ್ಟೆ ಪೇಟೆ, ಪಾರ್ಟಿಷನ್ ಆದ್ಮೇಲೆ ಬಂದ ಸಿಂಧಿಗಳ ಊರು. ಆದ್ರೆ ಸಿಂಧಿಗಳು ಬರೋ ಹೊತ್ತಿಗೇ ಅಲ್ಲಿ ಸಾಲು ಸಾಲು ಬ್ಯಾರಕ್ ಇದ್ವು. ಅದು ವಳಿವಡೆ ಕ್ಯಾಂಪ್, 1943ರಿಂದ 48ರವರೆಗೆ ಸುಮಾರು 5,000 ಪೋಲೆಂಡಿನವ್ರು ಅಲ್ಲಿದ್ರು, ಅದ್ರಲ್ಲಿ ಬಹುಪಾಲು ಹೆಂಗಸ್ರು, ಮಕ್ಳು.

2024ರಲ್ಲಿ ಮೋದಿ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಕೊಲ್ಹಾಪುರದ ಸ್ಮಾರಕಕ್ಕೆ ಹೋಗಿದ್ರಲ್ಲ, ಆಗ ಈ ಕತೆ ನೆನಪಾಯ್ತು, ಜೊತೆಗೆ ಜಾಮ್‌ನಗರದ ಕತೆ ಸೇರ್ಕೊಂಡು ಕಲಸುಮೇಲೋಗರನೂ ಆಯ್ತು. ಜಾಮ್‌ನಗರದ ಮಹಾರಾಜ ದಿಗ್ವಿಜಯಸಿಂಗ್‌ಜಿ ಬಾಲಾಚಡಿಯಲ್ಲಿ ಇಟ್ಕೊಂಡಿದ್ದು ಹೆಚ್ಚಾಗಿ ಅಪ್ಪ ಅಮ್ಮ ಇಲ್ದಿರೋ ಪೋಲಿಷ್ ಮಕ್ಕಳನ್ನ. ಕೊಲ್ಹಾಪುರದಲ್ಲಿ ಇದ್ದಿದ್ದು ಅಮ್ಮಂದಿರು, ಸಂಸಾರ ಸಮೇತ. ಎರಡೂ ಬೇರೆ.

ಮೊದ್ಲು ಇವ್ರು ಇಲ್ಲಿಗೆ ಯಾಕೆ ಬಂದ್ರು ಅಂತ ನೋಡೋಣ. 1939ರ ಸೆಪ್ಟೆಂಬರ್ 1ಕ್ಕೆ ಪೋಲೆಂಡಿನ ಒಂದು ಕಡೆಯಿಂದ ಜರ್ಮನಿ ನುಗ್ತು, 17ಕ್ಕೆ ಇನ್ನೊಂದು ಕಡೆಯಿಂದ ಸೋವಿಯತ್ ಸೇನೆ. 1940ರ ಫೆಬ್ರವರಿಯಿಂದ ಪೂರ್ವದ ಊರುಗಳಲ್ಲಿ ಮನೆ ಮನೆ ಬಾಗಿಲು ತಟ್ಟಿ ಜನರನ್ನ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾ, ಕಜಾಕಿಸ್ತಾನದ ಕಡೆ ಕಳಿಸಿದ್ರು. ಏಪ್ರಿಲ್ ಸರದಿಯಲ್ಲಿ ಹೋದೋರು ಹೆಚ್ಚಾಗಿ ಹೆಂಗಸ್ರು ಮಕ್ಳೇ, ಯಾಕಂದ್ರೆ ಗಂಡಂದಿರು ಅದಾಗ್ಲೇ ಅರೆಸ್ಟ್ ಆಗಿದ್ರು. ಒಟ್ಟು ಎಷ್ಟು ಜನ ಅನ್ನೋದಕ್ಕೆ ಸೋವಿಯತ್ ಕಾಗದಗಳು ಸುಮಾರು 3.2 ಲಕ್ಷ ಅಂತಾವೆ, ಹಳೇ ಪೋಲಿಷ್ ಲೆಕ್ಕ 10 ಲಕ್ಷ ದಾಟುತ್ತೆ.

1941ರಲ್ಲಿ ಹಿಟ್ಲರ್ ಸೋವಿಯತ್ ಮೇಲೇ ಬಿದ್ದಾಗ ಲೆಕ್ಕಾಚಾರ ಬದಲಾಯ್ತು, ಇವ್ರಿಗೆ 'ಕ್ಷಮಾದಾನ' ಸಿಕ್ತು. (ತಪ್ಪೇ ಮಾಡದೇ ಇರೋರಿಗೆ ಎಂಥಾ ಕ್ಷಮೆ ಅಂತ ಕೇಳ್ಬಾರ್ದು.) ಪೋಲೆಂಡಿನ ಜನರಲ್ ಆಂಡರ್ಸ್ ಅಲ್ಲೇ ಪೋಲಿಷ್ ಸೈನ್ಯ ಕಟ್ಟಿದ್ರು, ಸೈನ್ಯದ ಹಿಂದೆ ಸಂಸಾರಗಳೂ ಹೊರಟ್ವು, 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದ್ರು. ಗಂಡಸ್ರು ಮುಂದೆ ಇಟಲಿಯ ಯುದ್ಧಕ್ಕೆ, ಹೆಂಡ್ತಿ ಮಕ್ಳಲ್ಲಿ ಕೆಲವ್ರು ಆಫ್ರಿಕಾಗೆ, ಕೆಲವ್ರು ಮೆಕ್ಸಿಕೋಗೆ, ಕೆಲವ್ರು ಕೊಲ್ಹಾಪುರದ ನಮ್ಮ ಪಂಚಗಂಗಾ ನದಿ ದಡಕ್ಕೆ.

ವಳಿವಡೆಯ ಐದು ವರ್ಷದ ಬಗ್ಗೆ ಓದ್ತಾ ಇದ್ರೆ ನಂಗೆ ಮತ್ತೆ ಮತ್ತೆ ಕಾಣೋದು ಅಡುಗೆಮನೆ. ಇದು ಸಾಲಲ್ಲಿ ನಿಂತು ತಟ್ಟೆ ಒಡ್ಡೋ ಕ್ಯಾಂಪ್ ಆಗಿರ್ಲಿಲ್ಲ, ಬ್ಯಾರಕ್ಕಿನೊಳಗೆ ಪ್ರತಿ ಸಂಸಾರಕ್ಕೂ ಬೇರೆ ಮನೆ, ಗೋಡೆ ಅಂದ್ರೆ ಚಾಪೆ, ಮುಂದೆ ಜಗಲಿ, ಕೈಗೆ ಒಂದಿಷ್ಟು ಭತ್ಯೆ, ಅದ್ರಲ್ಲಿ ಅಮ್ಮನೇ ಸಂತೆ ಮಾಡ್ಬೇಕು, ಅಮ್ಮನೇ ಬೇಯಿಸ್ಬೇಕು. ಎರಡು ವರ್ಷ ರೊಟ್ಟಿ ತುಂಡಿಗೆ ಒದ್ದಾಡಿದ ಹೆಂಗಸಿಗೆ ತನ್ನ ಒಲೆ ಅನ್ನೋದು ಸಣ್ಣ ವಿಷ್ಯ ಅಲ್ಲ. ಮಾರೋಕೆ ಬರ್ತಿದ್ದ ಕೊಲ್ಹಾಪುರದ ವ್ಯಾಪಾರಿಗಳು ಪೋಲಿಷ್ ಮಾತಾಡೋದು ಕಲಿತ್ರು ಅಂತ ಅಲ್ಲಿದ್ದೋರು ನೆನೆಸ್ಕೋತಾರೆ. ಶಾಲೆ, ಚರ್ಚು, ಆಸ್ಪತ್ರೆ, ನಾಟಕ, ಸ್ಕೌಟ್ಸ್ ಎಲ್ಲಾ ಇತ್ತು. ಎಲ್ಲ ಪಾಠನೂ ಪೋಲಿಷ್‌ನಲ್ಲೇ, ಯಾಕಂದ್ರೆ ಯುದ್ಧ ಮುಗೀತಿದ್ದಂಗೆ ಊರಿಗೆ ಹೋಗೋದು ಅಂತ ಎಲ್ರೂ ನಂಬಿದ್ರು.

ಯುದ್ಧ ಮುಗೀತು, ಊರು ಮಾತ್ರ ಪೋಲೆಂಡಲ್ಲಿ ಉಳೀಲಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ದೊಡ್ಡವ್ರು (ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್) ಕೂತು ಒಪ್ಕೊಂಡ ಗಡಿ ಗೆರೆಯಿಂದ ಲ್ವೂಫ್ (ಈಗ ಉಕ್ರೇನಿನ ಲ್ವಿವ್), ವಿಲ್ನೊ (ಈಗ ಲಿಥುವೇನಿಯಾದ ವಿಲ್ನಿಯಸ್) ಎಲ್ಲಾ ಸೋವಿಯತ್ ಕಡೆ ಹೋದ್ವು. ಜುಲೈನಲ್ಲಿ ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕಿದ್ದ ಬ್ರಿಟನ್ನಿನ ಮಾನ್ಯತೆಯೂ ಹೋಯ್ತು. ಇದನ್ನ ಬಿಟ್ರೆ ಮುಂದಿನದ್ಯಾವ್ದೂ ಅರ್ಥ ಆಗಲ್ಲ. ಅವ್ರಿಗೆ 'ವಾಪಸ್ ಹೋಗಿ' ಅಂದೋರು ಎಲ್ಲಿಗೆ ಅಂತ ಹೇಳ್ಲಿಲ್ಲ.

1947ರಲ್ಲಿ ಬ್ರಿಟನ್ ಪೋಲಿಷ್ ಪುನರ್ವಸತಿ ಕಾಯ್ದೆ ತಂತು. ಗಂಡನೋ ಮಗನೋ ಬ್ರಿಟಿಷರ ಜೊತೆ ಸೈನ್ಯದಲ್ಲಿದ್ರೆ ಇಂಗ್ಲೆಂಡಿಗೆ ದಾರಿ ಆಯ್ತು, ಇಲ್ದಿದ್ರೆ ಮತ್ತೊಂದು ಕ್ಯಾಂಪು. 1948ರಲ್ಲಿ ಕೆರಿಬಿಯನ್ ಜನರನ್ನ ತಂದ ಎಂಪೈರ್ ವಿಂಡ್‌ರಶ್ ಹಡಗು ಈಗ ತುಂಬಾ ಫೇಮಸ್ಸು, ಅದೇ ಹಡಗಲ್ಲಿ ಮೆಕ್ಸಿಕೋದಿಂದ ಹತ್ತಿದ 66 ಪೋಲಿಷ್ ಜನನೂ ಇದ್ರು, ಅದು ಯಾರಿಗೂ ನೆನಪಿಲ್ಲ. ಬ್ರಿಟನ್ನಿನಲ್ಲಿ ಸಿಕ್ಕಿದ ಮನೆ ಅಂದ್ರೆ ಸೈನ್ಯ ಬಿಟ್ಟು ಹೋದ ತಗಡಿನ ಗುಡಿಸಲು, ಅರ್ಧ ಪೀಪಾಯಿ ಮಗುಚಿಟ್ಟ ಹಾಗೆ. ಕೊಲ್ಹಾಪುರದ ಬಿಸಿಲಿಂದ ಬಂದೋರಿಗೆ ಆ ಚಳಿ. ಹೆಂಗಸ್ರು ಬಟ್ಟೆ ಗಿರಣಿ ಸೇರಿದ್ರು, ಮಕ್ಳಿಗೆ ಶನಿವಾರದ ಪೋಲಿಷ್ ಶಾಲೆ ಶುರು ಮಾಡಿದ್ರು. 1951ರ ಜನಗಣತಿ ಹೊತ್ತಿಗೆ ಪೋಲೆಂಡಲ್ಲಿ ಹುಟ್ಟಿದೋರು ಅಲ್ಲಿ ಸುಮಾರು 1.62 ಲಕ್ಷ.

ಆಮೇಲೆ ಐವತ್ತು ವರ್ಷ ಹೆಚ್ಚೇನೂ ಸುದ್ದಿ ಇಲ್ಲ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಯೂನಿಯನ್ ಸೇರಿ ಕೆಲಸಕ್ಕೆ ಅಂತ ಲಕ್ಷಗಟ್ಲೆ ಹೊಸಬರು ಬಂದಾಗ, ಹಳಬರು ಹೊಸಬರು ಎಲ್ರೂ 'ಪೋಲಿಷ್ ವಲಸಿಗರು' ಅನ್ನೋ ಒಂದೇ ಲೇಬಲ್ಲಿಗೆ ಸೇರಿದ್ರು. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ರೆಫರೆಂಡಂ (ಯುರೋಪಿಯನ್ ಯೂನಿಯನ್ ಬಿಡೋದಾ ಬೇಡ್ವಾ ಅನ್ನೋ ಜನಮತ) ಆಗಿ ಎರಡ್ಮೂರು ದಿನಕ್ಕೆ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಪೋಲಿಷ್ ಕೇಂದ್ರದ ಬಾಗಿಲ ಮೇಲೆ ಯಾರೋ ಬೈಗುಳ ಬಳಿದ್ರು. ಆ ಕಟ್ಟಡ ಎದ್ದಿದ್ದು 1970ರ ದಶಕದಲ್ಲಿ, ಆ ತಗಡಿನ ಗುಡಿಸಲಿಂದ ಬಂದ ತಲೆಮಾರಿನ ದುಡ್ಡಲ್ಲಿ.