ಐವತ್ತು ಗ್ರೂಪಿಗೆ ಲಿಂಕ್ ಹಾಕಿದರೂ ಓದುವವರಿಲ್ಲ, ಯಾಕೆ?

ಪ್ರಶ್ನೆ: ಬ್ಲಾಗ್ ಶುರು ಮಾಡಿ ಎಂಟು ತಿಂಗಳಾಯಿತು. ಪ್ರತಿ ಬರಹದ ಲಿಂಕನ್ನೂ ಮೂವತ್ತು ವಾಟ್ಸಾಪ್ ಗ್ರೂಪು, ಇಪ್ಪತ್ತು ಫೇಸ್‌ಬುಕ್ ಗ್ರೂಪುಗಳಿಗೆ ತಪ್ಪದೆ ಹಾಕುತ್ತೇನೆ. ಆದರೂ ನೂರು ಜನ ಓದಿದರೆ ಹೆಚ್ಚು. ಇನ್ನೂ ಎಷ್ಟು ಗ್ರೂಪಿಗೆ ಸೇರಬೇಕು?

ಉತ್ತರ: ಒಂದಕ್ಕೂ ಬೇಡ. ಈಗಿರುವ ಐವತ್ತರಲ್ಲಿ ನಲವತ್ತನ್ನು ಬಿಟ್ಟರೂ ನಷ್ಟವಿಲ್ಲ.

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಗ್ರೂಪು, ಒಮ್ಮೆ ಹ್ಯಾಶ್‌ಟ್ಯಾಗು, ಇನ್ನೊಮ್ಮೆ ‘ಬೆಳಿಗ್ಗೆ ಎಷ್ಟು ಗಂಟೆಗೆ ಹಾಕಬೇಕು ಸರ್’. ಎಲ್ಲದರ ತಳದಲ್ಲಿ ಇರುವುದು ಒಂದೇ ನಂಬಿಕೆ: ಹೆಚ್ಚು ಕಡೆ ಸುರಿದಷ್ಟೂ ಹೆಚ್ಚು ಹಬ್ಬುತ್ತದೆ. ಎಷ್ಟು ಸಲ ಅಲ್ಲವೆಂದರೂ ಹೋಗದ ನಂಬಿಕೆ ಇದು. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ನೋಡೋಣ.

ನಿಮ್ಮ ಲಿಂಕನ್ನು ಮೊದಲು ನೂರು ಜನ ನೋಡಿದರು ಅಂದುಕೊಳ್ಳಿ. ಅವರಲ್ಲಿ ಕೆಲವರು ಹಂಚಿದರು, ಅದರಿಂದ ಹೊಸದಾಗಿ ನಲವತ್ತು ಜನ ನೋಡಿದರು. ಆ ನಲವತ್ತು ಜನರಿಂದ ಹದಿನಾರು, ಹದಿನಾರರಿಂದ ಆರು, ಆರರಿಂದ ಎರಡು. ಒಟ್ಟು 165ರ ಆಸುಪಾಸಿಗೆ ನಿಂತಿತು. ಈಗ ಐದು ಪಟ್ಟು ಗ್ರೂಪುಗಳಿಗೆ ಹಾಕಿ 500 ಜನರಿಂದ ಶುರು ಮಾಡಿ. ಲೆಕ್ಕ 830ರ ಹತ್ತಿರ ನಿಲ್ಲುತ್ತದೆ. ಐದು ಪಟ್ಟು ದುಡಿದಿರಿ, ಐದು ಪಟ್ಟೇ ಸಿಕ್ಕಿತು. ಇದು ಹಬ್ಬುವುದಲ್ಲ, ಕೂಲಿ. ನೋಡಿದ ನೂರು ಜನರಿಂದ ಹೊಸ ನೂರಕ್ಕಿಂತ ಹೆಚ್ಚು ಜನಕ್ಕೆ ತಲುಪಿದರೆ ಮಾತ್ರ ಲಿಂಕು ತಾನಾಗಿ ಬೆಳೆಯುತ್ತದೆ. ಆ ಅನುಪಾತವನ್ನು ತೀರ್ಮಾನಿಸುವುದು ಬರಹ ಮತ್ತು ಅದು ಪರದೆಯ ಮೇಲೆ ಕಾಣುವ ರೀತಿ. ಗ್ರೂಪುಗಳ ಸಂಖ್ಯೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಐದು ಪಟ್ಟು ಎಂಬುದೂ ಉದಾರವಾದ ಮಾತೇ. ಕನ್ನಡ ಸಾಹಿತ್ಯದ ಗ್ರೂಪುಗಳನ್ನೇ ತೆಗೆದುಕೊಳ್ಳಿ. ಕಥೆಯ ಗ್ರೂಪು, ಕವನದ ಗ್ರೂಪು, ಹನಿಗವನದ ಗ್ರೂಪು, ಜಿಲ್ಲಾ ಬರಹಗಾರರ ಗ್ರೂಪು, ಎಲ್ಲದರಲ್ಲೂ ಹೆಚ್ಚುಕಡಿಮೆ ಅವೇ ಮುಖಗಳು. ಅದಕ್ಕಿಂತ ದೊಡ್ಡ ತೊಡಕು, ಅಲ್ಲಿರುವವರಲ್ಲಿ ಬಹುಪಾಲು ತಮ್ಮ ಲಿಂಕ್ ಹಾಕಲು ಬಂದವರು. ನೀವು ಹಾಕಿ ಹೊರಡುತ್ತೀರಿ, ಅವರೂ ಹಾಕಿ ಹೊರಡುತ್ತಾರೆ. ಲಿಂಕ್ ಹಾಕಿದ ಹತ್ತೇ ಸೆಕೆಂಡಿಗೆ ‘ಸೂಪರ್ ಸರ್ 🙏’ ಎಂದು ಬಂದರೆ ಅದನ್ನು ಓದಿನ ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಸಾವಿರ ಪದದ ಬರಹವನ್ನು ಹತ್ತು ಸೆಕೆಂಡಿನಲ್ಲಿ ಓದುವವರು ಇನ್ನೂ ಹುಟ್ಟಿಲ್ಲ.

ಇದು ನಮ್ಮವರ ದೋಷವೇನಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್‌ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಟ್ವಿಟರಿನ ಸುದ್ದಿ ಲಿಂಕುಗಳನ್ನು ಪರಿಶೀಲಿಸಿದಾಗ, ಹಂಚಿದ ಲಿಂಕುಗಳಲ್ಲಿ 59 ಶೇಕಡಾವನ್ನು ಯಾರೂ ಒಮ್ಮೆಯೂ ಒತ್ತಿರಲಿಲ್ಲ. ಓದದೆಯೇ ಹಂಚುವವರು ಎಷ್ಟಿದ್ದರೆಂದರೆ, 2020ರಲ್ಲಿ ಟ್ವಿಟರು ‘ಮೊದಲು ತೆರೆದು ಓದುತ್ತೀರಾ’ ಎಂದು ಕೇಳುವ ಕಿಟಕಿಯನ್ನೇ ಸೇರಿಸಬೇಕಾಯಿತು. ಅದಕ್ಕೂ ಮೊದಲು, 2012ರಲ್ಲಿ, ಶರದ್ ಗೋಯಲ್, ಡಂಕನ್ ವಾಟ್ಸ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಹಲವು ತಾಣಗಳ ದತ್ತಾಂಶ ನೋಡಿ ಹೇಳಿದ್ದು ಇಷ್ಟು: ಬಹುಪಾಲು ಹಂಚಿಕೆ ಮೊದಲ ಹೆಜ್ಜೆಯಲ್ಲೇ ಸಾಯುತ್ತದೆ. ‘ಒಬ್ಬರಿಂದ ಹತ್ತು, ಹತ್ತರಿಂದ ನೂರು’ ಎಂಬ ಚಿತ್ರ ಅಪರೂಪಕ್ಕೆ ಮಾತ್ರ ನಿಜ. ನಮಗೆ ವೈರಲ್ ಎಂದು ಕಾಣುವುದರಲ್ಲಿ ಎಷ್ಟೋ ಪಾಲು, ಲಕ್ಷಾಂತರ ಅನುಯಾಯಿಗಳಿರುವ ಒಂದೇ ಖಾತೆ ಎತ್ತಿ ಹಾಕಿದ್ದು.

ಇಷ್ಟಾದ ಮೇಲೂ ‘ಆದರೆ ವಾಟ್ಸಾಪಿನಲ್ಲಿ ಹಾಗಲ್ಲ’ ಎನ್ನುವವರಿದ್ದಾರೆ. ವಾಟ್ಸಾಪಿನಲ್ಲಿ ಇನ್ನೂ ಕಷ್ಟ. 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಎಂಬ ಮಿತಿ ಬಂತು, 2019ರ ಜನವರಿಯಲ್ಲಿ ಅದನ್ನೇ ಜಗತ್ತಿಗೆಲ್ಲ ಹಾಕಿದರು. 2020ರ ಏಪ್ರಿಲಿನಿಂದ, ಐದು ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಇದರಿಂದ ಅಂಥ ಫಾರ್ವರ್ಡುಗಳು 70 ಶೇಕಡಾ ಇಳಿದವು ಎಂದು ಕಂಪನಿಯೇ ಹೇಳಿತು. ಬ್ರಾಡ್‌ಕಾಸ್ಟ್ ಪಟ್ಟಿಯನ್ನು ನೆಚ್ಚಿಕೊಂಡವರಿಗೂ ಒಂದು ಮಾತು: ಅದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಉಳಿದವರಿಗೆ ಹೋಗಿಲ್ಲ ಎಂದು ವಾಟ್ಸಾಪು ತಾನಾಗಿ ಹೇಳುವುದೂ ಇಲ್ಲ.

ಫೇಸ್‌ಬುಕ್ಕಿನಲ್ಲಿ ಶಿಕ್ಷೆಯೂ ಉಂಟು. ಒಂದೇ ಲಿಂಕನ್ನು ಹತ್ತು ನಿಮಿಷದಲ್ಲಿ ಇಪ್ಪತ್ತು ಗ್ರೂಪಿಗೆ ಅಂಟಿಸಿದರೆ ಯಂತ್ರದ ಕಣ್ಣಿಗೆ ನೀವು ಸ್ಪ್ಯಾಮರ್. ಮೊದಲು ಗ್ರೂಪುಗಳಲ್ಲಿ ಬರೆಯುವ ಅವಕಾಶ ಕೆಲವು ದಿನ ನಿಲ್ಲುತ್ತದೆ. ನಾಲ್ಕು ಜನ ‘ಸ್ಪ್ಯಾಮ್’ ಎಂದು ದೂರು ಒತ್ತಿದರಂತೂ ನಿಮ್ಮ ಜಾಲತಾಣದ ವಿಳಾಸಕ್ಕೇ ತಡೆ ಬೀಳಬಹುದು. ಆಮೇಲೆ ನಿಮ್ಮ ಓದುಗರು ಪ್ರೀತಿಯಿಂದ ಹಂಚಲು ಹೋದರೂ ಆಗುವುದಿಲ್ಲ. ‘ಇಷ್ಟವಾದರೆ ಲೈಕ್ ಒತ್ತಿ, ಹತ್ತು ಜನಕ್ಕೆ ಶೇರ್ ಮಾಡಿ’ ಎಂಬ ಸಾಲನ್ನಂತೂ ಇವತ್ತೇ ಅಳಿಸಿ. ಹಾಗೆ ಗೋಗರೆಯುವ ಪೋಸ್ಟುಗಳನ್ನು ಕೆಳಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಘೋಷಿಸಿದೆ.

ಹಾಗಾದರೆ ಕೈ ಹಾಕಬೇಕಾದ್ದು ಎಲ್ಲಿ? ಪ್ರಿವ್ಯೂನಲ್ಲಿ. ಲಿಂಕ್ ಅಂಟಿಸಿದಾಗ ಚಿತ್ರ, ಶೀರ್ಷಿಕೆ, ಒಂದು ಸಾಲಿನ ವಿವರ ಬರುವ ಆ ಪೆಟ್ಟಿಗೆ. ನಿಮ್ಮ ಬರಹವನ್ನು ಜನ ನೋಡುವುದೇ ಅಲ್ಲಿ, ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಅಲ್ಲೇ.

ಅದು ಬರುವುದು ಪುಟದ ತಲೆಭಾಗದಲ್ಲಿರುವ ಓಪನ್ ಗ್ರಾಫ್ ಟ್ಯಾಗುಗಳಿಂದ, ಅಂದರೆ ಓದುಗರ ಕಣ್ಣಿಗೆ ಬೀಳದೆ ಪುಟದ ವಿವರವನ್ನು ಬೇರೆ ತಾಣಗಳಿಗೆ ತಿಳಿಸುವ ಕೋಡ್ ಸಾಲುಗಳಿಂದ. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ, ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಅದನ್ನೇ ಓದುತ್ತವೆ. ಶೀರ್ಷಿಕೆ, ವಿವರ, ಚಿತ್ರ, ವಿಳಾಸ ಎಂಬ ನಾಲ್ಕು ಟ್ಯಾಗು ಸರಿಯಿದ್ದರೆ ಸಾಕು. ವರ್ಡ್‌ಪ್ರೆಸ್ಸಿನಲ್ಲಿ ಯಾವುದಾದರೂ ಎಸ್‌ಇಒ ಪ್ಲಗಿನ್ (ಹುಡುಕಾಟದಲ್ಲಿ ಪುಟ ಚೆನ್ನಾಗಿ ಕಾಣಲು ಸೇರಿಸುವ ತಂತ್ರಾಂಶ) ಇದನ್ನು ಮಾಡುತ್ತದೆ. ಗೂಗಲ್ಲಿನ ಬ್ಲಾಗರ್ ತಾಣದಲ್ಲಿ ಬರಹದ ಮೊದಲ ಚಿತ್ರವೇ ಪ್ರಿವ್ಯೂಗೆ ಹೋಗುತ್ತದೆ, ವಿವರ ಬರಬೇಕಾದರೆ ಸೆಟ್ಟಿಂಗ್ಸಿನಲ್ಲಿ ‘ಸರ್ಚ್ ಡಿಸ್ಕ್ರಿಪ್ಷನ್’ ತೆರೆದಿರಬೇಕು. ಬರಹದಲ್ಲಿ ಚಿತ್ರವೇ ಇಲ್ಲದಿದ್ದರೆ ಪ್ರಿವ್ಯೂ ಬೋಳು.

ಚಿತ್ರದ ಅಳತೆ 1200×630 ಪಿಕ್ಸೆಲ್ ಇರಲಿ. 600×315ಕ್ಕಿಂತ ಚಿಕ್ಕದಾದರೆ ಫೇಸ್‌ಬುಕ್ಕಿನಲ್ಲಿ ಪಕ್ಕದಲ್ಲೊಂದು ಪುಟಾಣಿ ಚೌಕವಾಗಿ ಕೂರುತ್ತದೆ. ಕಡತ 300 ಕೆಬಿಯ ಒಳಗಿರಲಿ. ಕ್ಯಾಮೆರಾದಿಂದ ಬಂದ 4 ಎಂಬಿ ಫೋಟೋ ಹಾಗೇ ಏರಿಸಿದರೆ ಫೇಸ್‌ಬುಕ್ಕಿನಲ್ಲಿ ಕಾಣುತ್ತದೆ, ವಾಟ್ಸಾಪಿನಲ್ಲಿ ಮಾಯ. ‘ಅಲ್ಲಿ ಬರುತ್ತೆ, ಇಲ್ಲಿ ಬರಲ್ಲ’ ಎಂದು ಕೇಳುವವರು ಮೊದಲು ನೋಡಬೇಕಾದ್ದು ಇದನ್ನೇ. ಚಿತ್ರದ ಮೇಲೆ ಅಕ್ಷರ ಬರೆಯುವುದಾದರೆ ನಡುವಿನ 630×630 ಚೌಕದೊಳಗೆ ಬರೆಯಿರಿ, ಕೆಲವು ಕಡೆ ಎರಡೂ ಬದಿ ಕತ್ತರಿಸಿಹೋಗುತ್ತದೆ. ಶೀರ್ಷಿಕೆಯ ಮುಖ್ಯ ಮಾತು ಮೊದಲ ಐದಾರು ಪದದಲ್ಲೇ ಬರಲಿ, ಉಳಿದದ್ದು ಚುಕ್ಕಿಗಳ ಹಿಂದೆ ಅಡಗುತ್ತದೆ.

ವಾಟ್ಸಾಪಿನ ಒಂದು ಗುಟ್ಟನ್ನು ಬಹಳ ಜನ ಗಮನಿಸಿಲ್ಲ. ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಲಿಂಕ್ ಅಂಟಿಸಿದ ತಕ್ಷಣ ಕಳಿಸುವ ಬಟನ್ ಒತ್ತಿದರೆ ಪೆಟ್ಟಿಗೆ ತಯಾರಾಗುವ ಮೊದಲೇ ಸಂದೇಶ ಹೊರಟಿರುತ್ತದೆ, ಬರೀ ನೀಲಿ ಸಾಲು. ಫಾರ್ವರ್ಡ್ ಆಗುವಾಗಲೂ ಅದೇ ಬೋಳು ಸಂದೇಶವೇ ಮುಂದಕ್ಕೆ ಹೋಗುತ್ತದೆ. ಅಂಟಿಸಿ, ಎರಡು ಮೂರು ಸೆಕೆಂಡ್ ಕಾಯಿರಿ, ಚಿತ್ರ ಬಂದ ಮೇಲೆ ಕಳಿಸಿ. ಒಂದೇ ಸಂದೇಶದಲ್ಲಿ ಎರಡು ಲಿಂಕ್ ಇದ್ದರೆ ಮೊದಲನೆಯದಕ್ಕೆ ಮಾತ್ರ ಪ್ರಿವ್ಯೂ. ಯೂಟ್ಯೂಬ್ ಚಾನೆಲ್ಲಿನ ಲಿಂಕನ್ನು ಮೇಲೆ ಹಾಕಿ ಬರಹದ್ದನ್ನು ಕೆಳಗೆ ಹಾಕುವವರು ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ.

ಫೇಸ್‌ಬುಕ್ಕಿನಲ್ಲಿ ಹಳೆಯ ಚಿತ್ರವೇ ಬರುತ್ತಿದ್ದರೆ ಅದು ಮೊದಲ ಸಲ ಓದಿದ್ದನ್ನು ನೆನಪಿಟ್ಟುಕೊಂಡಿದೆ ಎಂದರ್ಥ. ‘ಶೇರಿಂಗ್ ಡಿಬಗ್ಗರ್’ ಎಂಬ ಉಪಕರಣ ಉಚಿತ. ಅದರಲ್ಲಿ ವಿಳಾಸ ಕೊಟ್ಟು ‘ಸ್ಕ್ರೇಪ್ ಅಗೇನ್’ ಒತ್ತಿ. ಯಾವ ಟ್ಯಾಗು ಕಾಣೆಯಾಗಿದೆ ಎಂಬುದನ್ನೂ ಅದೇ ಹೇಳುತ್ತದೆ. ಪ್ರಕಟಿಸಿದ ಮೇಲೆ, ಹಂಚುವ ಮೊದಲು ಇದನ್ನು ಮಾಡಿ.

ಇನ್ನು ವಿಳಾಸ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆಂದ, ಕಾಪಿ ಮಾಡಿದಾಗ ಗೊತ್ತಾಗುತ್ತದೆ ಪಾಡು. ಯೂನಿಕೋಡಿನ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಒಂಬತ್ತು ಚಿಹ್ನೆಯಾಗಿ ಒಡೆಯುತ್ತದೆ. ‘ಕನ್ನಡ’ ಎಂಬ ಪುಟ್ಟ ಪದದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ, ಅಂದರೆ 45 ಚಿಹ್ನೆ. ವರ್ಡ್‌ಪ್ರೆಸ್ಸಿನಲ್ಲಿ ವಿಳಾಸದ ಈ ಭಾಗಕ್ಕೆ 200 ಚಿಹ್ನೆಯ ಮಿತಿಯಿರುವುದರಿಂದ ಇಪ್ಪತ್ತೆರಡು ಸಂಕೇತಕ್ಕೆ ಶೀರ್ಷಿಕೆ ಕತ್ತರಿಸುತ್ತದೆ, ಎಷ್ಟೋ ಸಲ ಪದದ ಮಧ್ಯದಲ್ಲಿ. ಅಂಥ ನಾಲ್ಕು ಸಾಲಿನ ಗಜಿಬಿಜಿ ಕಂಡವರು ವೈರಸ್ ಎಂದು ಹೆದರಿ ಮುಟ್ಟುವುದಿಲ್ಲ. ಬ್ಲಾಗರು ಇನ್ನೊಂದು ಅತಿ, ಕನ್ನಡ ಅಕ್ಷರಗಳನ್ನೆಲ್ಲ ಕೈಬಿಟ್ಟು ‘ಬ್ಲಾಗ್ ಪೋಸ್ಟ್’ ಎಂಬ ಪದಕ್ಕೆ ಒಂದು ಅಂಕಿ ಸೇರಿಸಿ ಕೂರಿಸುತ್ತದೆ. ಎರಡು ಕಡೆಯೂ ಮದ್ದು ಒಂದೇ: ಪ್ರಕಟಿಸುವ ಮೊದಲೇ ಪರ್ಮಾಲಿಂಕನ್ನು, ಅಂದರೆ ಬರಹದ ಈ ಕಾಯಂ ವಿಳಾಸವನ್ನು, ಇಂಗ್ಲಿಷ್ ಲಿಪಿಯಲ್ಲಿ ಮೂರು ನಾಲ್ಕು ಪದಕ್ಕೆ ಬದಲಿಸಿ. ಕನ್ನಡಾಭಿಮಾನವನ್ನು ಬರಹದೊಳಗೆ ತೋರಿಸಿದರೆ ಸಾಕು.

ಲಿಂಕಿನ ಜೊತೆ ಏನು ಬರೆಯಬೇಕು? ‘ನನ್ನ ಹೊಸ ಬರಹ, ಓದಿ ಅಭಿಪ್ರಾಯ ತಿಳಿಸಿ’ ಎಂಬ ಸಾಲು ಓದುಗರಿಗೆ ಕೆಲಸ ಹೇಳುತ್ತದೆ, ಏನೂ ಕೊಡುವುದಿಲ್ಲ. ಜನ ಸಾಮಾನ್ಯವಾಗಿ ಹಂಚುವುದು ‘ಇದು ಇಂಥವರಿಗೆ ಬೇಕು’ ಎಂದು ಒಬ್ಬರ ಮುಖ ನೆನಪಾದಾಗ. ಪಹಣಿ ತಿದ್ದುಪಡಿಯ ಬಗ್ಗೆ ಬರೆದಿದ್ದರೆ ‘ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆಯೇ? ಯಾವ ಕಚೇರಿ, ಯಾವ ದಾಖಲೆ ಎಂಬುದು ಇಲ್ಲಿದೆ’ ಎಂದು ಹಾಕಿ. ಊರಲ್ಲಿ ಜಮೀನಿನ ತಕರಾರು ಇರುವ ಚಿಕ್ಕಪ್ಪನಿಗೆ ಅದು ತಾನಾಗಿ ಹೋಗುತ್ತದೆ. ಕಥೆಯಾದರೆ ಸಾರಾಂಶ ಬೇಡ, ಒಳಗಿನ ಎರಡು ಸಾಲು ಸಂಭಾಷಣೆ ಕಿತ್ತು ಹಾಕಿ. ಹ್ಯಾಶ್‌ಟ್ಯಾಗು ಎರಡು ಮೂರು ಸಾಕು, ಪದಗಳ ನಡುವೆ ಜಾಗ ಬಿಟ್ಟರೆ ಟ್ಯಾಗು ಅಲ್ಲಿಗೇ ಮುರಿಯುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕು ಒತ್ತಿದರೆ ತೆರೆಯುವುದಿಲ್ಲ, ಸ್ಟೋರಿಯ ಲಿಂಕ್ ಸ್ಟಿಕ್ಕರ್ ಬಳಸಿ. ಹೊತ್ತಿನ ವಿಷಯ: ನಿಮ್ಮ ಓದುಗರು ಫೋನ್ ಹಿಡಿದಿರುವ ಹೊತ್ತು. ಅದಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ.

ಯಾವ ಹತ್ತು ಗ್ರೂಪು ಉಳಿಸಿಕೊಳ್ಳಬೇಕೆಂದು ತಿಳಿಯಲು ಯುಟಿಎಂ ಬಾಲ ಹಚ್ಚಿ, ಅಂದರೆ ಓದುಗರು ಎಲ್ಲಿಂದ ಬಂದರೆಂದು ತಿಳಿಸುವ ತುಣುಕನ್ನು ವಿಳಾಸದ ಕೊನೆಗೆ ಸೇರಿಸಿ. ಗೂಗಲ್ಲಿನ ಉಚಿತ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರಿನಲ್ಲಿ ಒಂದೊಂದು ಗ್ರೂಪಿಗೂ ಒಂದೊಂದು ಹೆಸರು ಕೊಟ್ಟು ಬೇರೆ ಬೇರೆ ಲಿಂಕ್ ಮಾಡಿಕೊಳ್ಳಿ. ಹೀಗೆ ಮಾಡದಿದ್ದರೆ ವಾಟ್ಸಾಪಿನಿಂದ ಬಂದವರಲ್ಲಿ ಹೆಚ್ಚಿನವರು ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸಿನಲ್ಲಿ ‘ಡೈರೆಕ್ಟ್’ ಎಂಬ ಗುಂಪಿಗೆ ಸೇರಿ, ಎಲ್ಲಿಂದ ಬಂದರೆಂದೇ ತಿಳಿಯುವುದಿಲ್ಲ. ನಾಲ್ಕು ಬರಹಕ್ಕೆ ಹೀಗೆ ಮಾಡಿದರೆ ಯಾವ ಗ್ರೂಪು ಓದುತ್ತದೆ, ಯಾವುದು ಬರೀ ಕೈಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬ್ಲಾಗರಿನ ಅಂಕಿಅಂಶ ನೋಡುವವರು ‘ನನ್ನ ಭೇಟಿ ಎಣಿಸಬೇಡ’ ಎಂಬುದನ್ನು ಮೊದಲು ಆರಿಸಿಕೊಳ್ಳಿ, ನೂರರಲ್ಲಿ ಇಪ್ಪತ್ತು ನೀವೇ ಇರುತ್ತೀರಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು, ಏಕೆಂದರೆ ಲಿಂಕು ಹಬ್ಬದಿದ್ದರೂ ಬರಹ ಹಬ್ಬಿರುವುದುಂಟು. ನಿಮ್ಮ ಇಡೀ ಬರಹವನ್ನು ಯಾರೋ ಕಾಪಿ ಮಾಡಿ, ಹೆಸರು ತೆಗೆದು, ಕೊನೆಗೆ ‘(ಸಂಗ್ರಹ)’ ಅಥವಾ ‘ಕೃಪೆ: ವಾಟ್ಸಾಪ್’ ಎಂದು ಸೇರಿಸಿ ಬಿಟ್ಟಿರುತ್ತಾರೆ. ಕಾಪಿ ಮಾಡಿ ಅಂಟಿಸಿದ್ದಕ್ಕೆ ಫಾರ್ವರ್ಡಿನ ಬಾಣವೂ ಇಲ್ಲ, ಮಿತಿಯೂ ಇಲ್ಲ. ಲಿಂಕ್ ನಲವತ್ತಕ್ಕೆ ನಿಂತಾಗ ಅನಾಥ ಬರಹ ಅಮೆರಿಕದ ಕನ್ನಡ ಕೂಟದ ಗ್ರೂಪಿನವರೆಗೆ ಹೋಗಿ, ತಿಂಗಳ ಮೇಲೆ ನಿಮ್ಮ ಸೋದರತ್ತೆಯ ಕಡೆಯಿಂದ ‘ಎಷ್ಟು ಚೆನ್ನಾಗಿದೆ ಓದು’ ಎಂದು ನಿಮಗೇ ಬರುತ್ತದೆ. ವಾಟ್ಸಾಪು ಯಾವ ಬರಹವನ್ನೂ ಬರೆದಿಲ್ಲ, ಅದರ ಕೃಪೆಯೂ ಯಾರಿಗೂ ಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಬರೆದವರಿಗೆ ಕೊಟ್ಟಿದೆ. ಕೃತಿಸ್ವಾಮ್ಯವನ್ನು ಬೇರೆಯವರಿಗೆ ಮಾರಿದ್ದರೂ ಆ ಹಕ್ಕು ಹೋಗುವುದಿಲ್ಲ.

ಕಾಯ್ದೆ ಹಿಡಿದು ಗ್ರೂಪಿನಿಂದ ಗ್ರೂಪಿಗೆ ಅಲೆಯಲಾಗದು, ನಿಜ. ಕಳ್ಳತನದ ಪೋಸ್ಟು ಫೇಸ್‌ಬುಕ್ಕಿನಲ್ಲಿದ್ದರೆ ಕೃತಿಸ್ವಾಮ್ಯದ ದೂರಿನ ಅರ್ಜಿಯಿದೆ. ಮೂಲ ಲಿಂಕ್ ಮತ್ತು ಪ್ರಕಟವಾದ ದಿನಾಂಕ ಕೊಟ್ಟು ತುಂಬಿ. ವಾಟ್ಸಾಪಿನಲ್ಲಾದರೆ ಜಗಳಕ್ಕೆ ಹೋಗದೆ, ಆ ಸಂದೇಶಕ್ಕೇ ರಿಪ್ಲೈ ಕೊಟ್ಟು ‘ಇದು ನಾನು ಬರೆದದ್ದು, ಪೂರ್ತಿ ಇಲ್ಲಿದೆ’ ಎಂದು ಲಿಂಕ್ ಹಾಕಿ. ಅಂಥ ಕಡೆ ಲಿಂಕ್ ಒತ್ತುವವರು ಹೆಚ್ಚು, ಬರಹವನ್ನು ಆಗಲೇ ಓದಿ ಮೆಚ್ಚಿರುತ್ತಾರೆ. ಬರೆಯುವಾಗಲೇ ಇನ್ನೊಂದು ಉಪಾಯವುಂಟು. ಹೆಸರನ್ನು ತಲೆಗೋ ಬಾಲಕ್ಕೋ ಮಾತ್ರ ಹಾಕಿದರೆ ಒಂದೇ ಎಳೆತಕ್ಕೆ ಕಿತ್ತುಬರುತ್ತದೆ. ಮೂರನೆಯ ಪ್ಯಾರಾದ ನಡುವೆ ‘ಇದೇ ಬ್ಲಾಗಿನಲ್ಲಿ ಹಿಂದೆ ಬರೆದಂತೆ’ ಎಂದು ಬ್ಲಾಗಿನ ಹೆಸರು ಸಮೇತ ಒಂದು ಸಾಲು ಸೇರಿಸಿ. ಸಂಗ್ರಹಕಾರರು ಅಷ್ಟು ದೂರ ಓದುವುದಿಲ್ಲ.