ಮಳೆಯೂ ಒಂದು ಮೀಟಿಯರ್

ತಿದ್ದಿಕೊಡಲೆಂದು ಈಚೆಗೆ ನನ್ನ ಮೇಜಿಗೆ ಬಂದ ಅನುವಾದವೊಂದರಲ್ಲಿ, ಕರಾವಳಿಯಲ್ಲಿ ಇನ್ನೆರಡು ದಿನ ಭಾರೀ ಮಳೆಯಾಗಲಿದೆ ಎಂದು ‘ಉಲ್ಕಾಶಾಸ್ತ್ರಜ್ಞರು’ ತಿಳಿಸಿದ್ದರು. ಹತ್ತು ಪುಟ ದಾಟುವಷ್ಟರಲ್ಲಿ, ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವ ಕೆಲಸ ‘ಕಾನೂನು ಹವಾಮಾನ ಇಲಾಖೆ’ಯ ಪಾಲಾಗಿತ್ತು. ಮೊದಲನೆಯದಕ್ಕೆ ನಕ್ಕೆ, ಎರಡನೆಯದಕ್ಕೆ ಪೆನ್ನು ಕೆಳಗಿಟ್ಟು ಕಾಫಿಗೆ ಎದ್ದೆ.

ಎರಡನೆಯದರ ಇಂಗ್ಲಿಷ್ ಹೆಸರು ಲೀಗಲ್ ಮೆಟ್ರಾಲಜಿ. ಮೆಟ್ರಾಲಜಿಯ ಮೂಲ ಗ್ರೀಕಿನ ‘ಮೆತ್ರೊನ್’, ಅಂದರೆ ಅಳತೆ. ಆದ್ದರಿಂದ ಅದು ಕಾನೂನು ಮಾಪನಶಾಸ್ತ್ರ ಇಲಾಖೆ. ಅದರ ಮಾತು ಅಲ್ಲಿಗೆ ಮುಗಿಯಿತು.

ಜನ ಮತ್ತೆ ಮತ್ತೆ ಎಡವುವುದು ಹವಾಮಾನಶಾಸ್ತ್ರದ ಇಂಗ್ಲಿಷ್ ಹೆಸರಾದ ಮೀಟಿಯೊರಾಲಜಿಯಲ್ಲಿ. ಮೀಟಿಯರ್ ಎಂದರೆ ಉಲ್ಕೆ, ಆದ್ದರಿಂದ ಅದು ಉಲ್ಕೆಗಳ ಶಾಸ್ತ್ರವೇ ಇರಬೇಕು ಎಂಬ ತರ್ಕ ನೋಡಲು ನೇರವಾಗಿದೆ, ಆದರೆ ತಲೆಕೆಳಗಾಗಿದೆ. ಎರಡಕ್ಕೂ ಮೂಲವಾದ ಗ್ರೀಕಿನ ‘ಮೆತೆಯೋರೊಸ್’ ಎಂದರೆ ಮೇಲೆತ್ತಲ್ಪಟ್ಟದ್ದು, ಆಕಾಶದಲ್ಲಿ ತೂಗುವಂಥದ್ದು. ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್ ಈ ಹೆಸರಿನಡಿ ಮಳೆ, ಆಲಿಕಲ್ಲು, ಗಾಳಿ, ಕಾಮನಬಿಲ್ಲು, ಧೂಮಕೇತು, ಉಲ್ಕೆ ಎಲ್ಲವನ್ನೂ ಚರ್ಚಿಸಿದ. ನೆಲದೊಳಗೆ ಸಿಕ್ಕಿಕೊಂಡ ಗಾಳಿಯೇ ಕಾರಣವೆಂದು ನಂಬಿದ್ದರಿಂದ ಭೂಕಂಪವನ್ನೂ ಬಿಡಲಿಲ್ಲ. ಶಾಸ್ತ್ರದ ಹೆಸರು ಆ ಹಳೆಯ ವಿಸ್ತಾರವನ್ನು ಉಳಿಸಿಕೊಂಡಿತು, ಮೀಟಿಯರ್ ಎಂಬ ಬಿಡಿಪದ ಮಾತ್ರ ಬಳಕೆಯಲ್ಲಿ ಕುಗ್ಗುತ್ತಾ ಬಂದು ಉಲ್ಕೆಯೊಂದಕ್ಕೇ ಅಂಟಿಕೊಂಡಿತು. ವಿಶ್ವ ಹವಾಮಾನ ಸಂಸ್ಥೆಯ ವರ್ಗೀಕರಣದಲ್ಲಿ ಇಂದಿಗೂ ಮಳೆ, ಹಿಮ, ಇಬ್ಬನಿಗಳು ಹೈಡ್ರೊಮೀಟಿಯರ್‌ಗಳು, ಧೂಳಿನ ಬಿರುಗಾಳಿ ಲಿಥೊಮೀಟಿಯರ್, ಕಾಮನಬಿಲ್ಲು ಫೋಟೊಮೀಟಿಯರ್. ಇವುಗಳಲ್ಲಿ ಯಾವುದಕ್ಕೂ ಉಲ್ಕೆಯ ಸೋಂಕಿಲ್ಲ. ಖಗೋಳದ ಲೇಖನದಲ್ಲಿ ಮೀಟಿಯರ್ ಎಂಬುದಕ್ಕೆ ಉಲ್ಕೆಯೆಂದೇ ಬರೆಯಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಮಳೆಯ ಸುದ್ದಿಗೆ ಅದನ್ನು ಎಳೆತರಬೇಡಿ ಎಂದಷ್ಟೇ ನನ್ನ ಕೋರಿಕೆ.

ಅನುವಾದ ಕಮ್ಮಟವೊಂದರಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಹಾಗಾದರೆ ನಮ್ಮ ಮೆಟ್ರೋ ಏನನ್ನು ಅಳೆಯುತ್ತದೆ ಎಂದು ಕೇಳಿದ. ಇಂಥ ಹುಡುಗರಿಗಾಗಿಯೇ ನಾನು ಕಮ್ಮಟಗಳಿಗೆ ಹೋಗುವುದು. ಗ್ರೀಕಿನಲ್ಲೂ ಕನ್ನಡದ ಹಾಗೆ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಅಳತೆ ‘ಮೆತ್ರೊನ್’, ತಾಯಿ ‘ಮೇತೇರ್’. ರೋಮನ್ ಲಿಪಿಗೆ ಇಳಿದಾಗ ಎರಡಕ್ಕೂ ಒಂದೇ ಅಕ್ಷರವಾಗಿ ಗುರುತು ಅಳಿಸಿಹೋಯಿತು. ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದೆ. ‘ಮೇತೇರ್’ ಪಕ್ಕದಲ್ಲಿ ‘ಮಾತೃ’ ಎಂದು ಬರೆದ ಕೂಡಲೇ ಅವನೇ ತಲೆಯಾಡಿಸಿದ. ವಲಸೆ ಹೋದವರು ಕಟ್ಟಿದ ಊರಿಗೆ ಮೂಲ ನಗರವೇ ತಾಯಿನಗರ, ಅಂದರೆ ಮೆಟ್ರೊಪೊಲಿಸ್. ಸಿಸಿಲಿಯ ಸಿರಕ್ಯೂಸಿಗೆ ಗ್ರೀಸಿನ ಕೊರಿಂಥ್ ಇದ್ದ ಹಾಗೆ.

‘ಹಾಗಾದರೆ ಅದು ತಾಯಿರೈಲೇ ಸಾರ್?’ ಎಂದ. ಅಲ್ಲ, 1900ರಲ್ಲಿ ಶುರುವಾದ ಪ್ಯಾರಿಸ್ಸಿನ ‘ಮೆಟ್ರೊಪೊಲಿಟನ್’ ರೈಲಿನ ಹೆಸರನ್ನು ಅಲ್ಲಿನ ಜನ ಅರ್ಧಕ್ಕೆ ತುಂಡರಿಸಿದರು, ನಮಗೆ ಬಂದದ್ದು ಆ ತುಂಡು ಎಂದೆ.